ಹಾನಗಲ್ಲಿನ ‘ಲ್ಲ’ ಲಿನಕ್ಸ್‌ಗೆ ಬಂದ ಬಗೆ

ಒಂದು ಕಂಪ್ಯೂಟರಿಗೆ ಕನ್ನಡ ನೆಟ್ಟಗೆ ಬರುತ್ತದೋ ಇಲ್ಲವೋ ನೋಡಬೇಕೆಂದರೆ ಹಾವೇರಿ ಜಿಲ್ಲೆಯ ನಾಲ್ಕು ಊರುಗಳ ಹೆಸರು ಬರೆಸಿದರೆ ಸಾಕು. ಹಾನಗಲ್ಲದಲ್ಲಿ ಒತ್ತಕ್ಷರ ಇದೆ. ಶಿಗ್ಗಾಂವದಲ್ಲಿ ಒತ್ತಿನ ಮೇಲೆ ದೀರ್ಘ, ಅದರ ಬೆನ್ನಿಗೇ ಸೊನ್ನೆ. ಸವಣೂರು ತುಸು ಸಲೀಸು. ಹಿರೇಕೆರೂರು ಮಾತ್ರ ಗುಡಿಸು, ಏತ್ವ, ಎತ್ವ, ಕೊಂಬು ಎಂದು ಐದಕ್ಕೆ ಐದೂ ಅಕ್ಷರಗಳಿಗೆ ಏನಾದರೊಂದು ತಗುಲಿಸಿಕೊಂಡೇ ನಿಂತಿದೆ. ಇಪ್ಪತ್ತು ವರ್ಷದ ಹಿಂದೆ ಲಿನಕ್ಸ್ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟವಿತ್ತು.

ಕತೆ ಶುರುವಾಗುವುದು 1991ರಲ್ಲಿ. ಆ ಆಗಸ್ಟ್‌ನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಹೊಸ ಕಾರ್ಯಾಚರಣ ವ್ಯವಸ್ಥೆಯ ಸುದ್ದಿ ಕೊಟ್ಟ. ಅಕ್ಟೋಬರ್‌ನಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಬಂತು; ಅದರಲ್ಲಿ ಕನ್ನಡಕ್ಕೆ 128 ಮನೆಗಳು. ನಮ್ಮ ದೇಶದ ಇಸ್ಕಿ ಸಂಕೇತವನ್ನೇ ಅನುಸರಿಸಿದ ಆ ಹಂಚಿಕೆಯಲ್ಲಿ ‘ಲ’ ಇದೆ, ‘್’ ಇದೆ, ‘ಲ್ಲ’ ಇಲ್ಲ. ಲ, ವಿರಾಮ, ಲ ಎಂಬ ಮೂರನ್ನು ಸೇರಿಸಿ ಒತ್ತು ಕಟ್ಟುವ ಕೆಲಸ ಫಾಂಟಿನದು ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ್ದು.

ಆ ಜೋಡಣೆ ಬರುವವರೆಗೆ ಕನ್ನಡ ಕಾಯಲಿಲ್ಲ. ವಿಂಡೋಸ್ ಮೇಲೆ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂತು, ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟುಗಳು ಅವುಗಳವು. ಆ ಹೊತ್ತಿಗೆ ಅದು ಜಾಣ ಉಪಾಯವೇ. ಪ್ರೆಸ್ಸುಗಳೂ ಕಚೇರಿಗಳೂ ಅದರ ಮೇಲೇ ನಿಂತವು. ಆದರೆ ಅಂಥ ಕಡತವನ್ನು ಆ ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ.

ಲಿನಕ್ಸ್ ಬೇರೆ ದಾರಿ ಹಿಡಿಯಿತು: ಕನ್ನಡಕ್ಕೆ ಮೊದಲಿನಿಂದಲೇ ಯುನಿಕೋಡ್. 2002ರಲ್ಲಿ ಕಿಟಕಿ, ಮೆನು ಕಟ್ಟುವ ಜಿಟಿಕೆ 2.0 ಜತೆ ‘ಪ್ಯಾಂಗೊ’ ಬಂದಾಗ ಅಕ್ಷರ ಜೋಡಿಸುವವನು ಸಿಕ್ಕಂತಾಯಿತು. ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳಿದ್ದವು. ಮುಂದೆ ರೆಡ್‌ಹ್ಯಾಟ್ ‘ಲೋಹಿತ್’ ಫಾಂಟುಗಳನ್ನು ಬಿಡುಗಡೆ ಮಾಡಿತು. ‘ಲ್ಲ’ ಬಂತು. ‘ರಾಷ್ಟ್ರ’, ‘ಶಾಸ್ತ್ರಿ’ ಎಂದು ಎರಡೆರಡು ಒತ್ತು ಬಂದಲ್ಲಿ ಒಂದರ ಮೇಲೊಂದು ಬೀಳುವ ರಗಳೆ ಮಾತ್ರ ಉಳಿಯಿತು. ಅರವಿಂದ ವಿ.ಕೆ. ಅವರು ‘ನವಿಲು’, ‘ಗುಬ್ಬಿ’ ಫಾಂಟುಗಳನ್ನು ಮಾಡಿ ಮುಕ್ತವಾಗಿ ಬಿಟ್ಟರು. ಇಂದು ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಅವು ಕೇಳಿದೊಡನೆ ಸಿಗುತ್ತವೆ. ಇಷ್ಟಾದರೂ ಒಂದೇ ಪದ ಒಂದು ಕಿಟಕಿಯಲ್ಲಿ ಸರಿ, ಪಕ್ಕದ ಲಿಬ್ರೆಆಫೀಸ್‌ನಲ್ಲಿ ವಕ್ರ ಆಗುವುದಿತ್ತು, ಏಕೆಂದರೆ ಜೋಡಿಸುವ ತಂತ್ರಾಂಶ ಎರಡಕ್ಕೂ ಬೇರೆ ಬೇರೆ. 2013ರ 4.1 ಆವೃತ್ತಿಯಲ್ಲಿ ಲಿನಕ್ಸ್‌ನ ಲಿಬ್ರೆಆಫೀಸ್ ಜೋಡಣೆ ತಂತ್ರಾಂಶ ‘ಹಾರ್ಫ್‌ಬಜ್’ಗೆ ಬದಲಾದ ಮೇಲೆ ಆ ಜಗಳ ಬಹುಮಟ್ಟಿಗೆ ತಣ್ಣಗಾಯಿತು.

ಹೀಗಾಗಿ ಕನ್ನಡ ಕೆಟ್ಟು ಕಂಡರೆ ಇಡೀ ವ್ಯವಸ್ಥೆಯನ್ನು ಮತ್ತೆ ಹಾಕಿಕೊಳ್ಳುವ ಗಡಿಬಿಡಿ ಬೇಡ. ‘ಹ’ ಇರಬೇಕಾದಲ್ಲಿ 0ಸಿಬಿ9 ಎಂದು ಬರೆದ ಪುಟ್ಟ ಚೌಕ ಕಂಡರೆ ಫಾಂಟ್ ಇಲ್ಲವೆಂದರ್ಥ. ಒತ್ತು ಕೆಳಗಿಳಿಯದೆ ‘ಲ್‌ಲ’ ಎಂದು ಪಕ್ಕದಲ್ಲೇ ನಿಂತಿದ್ದರೆ ನಡುವೆ ಕಣ್ಣಿಗೆ ಕಾಣದ, ಜೋಡಣೆ ತಡೆಯುವ ಸಂಕೇತವೊಂದು ನುಸುಳಿರಬಹುದು. ಅದೇ ಸಂಕೇತ ‘ಹಾನಗಲ್‌ನಲ್ಲಿ’ ಎಂದು ಬರೆಯುವಾಗ ಬೇಕೇ ಬೇಕು. ಇಲ್ಲದಿದ್ದರೆ ‘ಹಾನಗಲ್ನಲ್ಲಿ’ ಆಗುತ್ತದೆ.

ಇನ್ನು ಕೀಲಿಮಣೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ಯಿಂದ ಮನೆಮಾತಾದ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಅದೂ ಎರಡು ಕಡೆ. ತೊಡಕು ಅಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಸುಲಭವಾಗಿ ಕಾಣುವ ‘ಕಗಪ’ ಬರೀ ಕೀಲಿಗಳ ನಕಾಶೆ. ಹಿಂದೆ ಬಿದ್ದ ಅಕ್ಷರ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಸ್ವರಕ್ಕೂ ಗುಣಿತದ ಚಿಹ್ನೆಗೂ ಬೇರೆ ಬೇರೆ ಒತ್ತಬೇಕು. ನುಡಿಯಲ್ಲಿ ಪಳಗಿದ ಬೆರಳು ಹಾಗೇ ಓಡಿದರೆ ‘ಹಿರೇಕೆರೂರು’ ಹೋಗಿ ‘ಹಇರಏಕಎರಊರಉ’ ಬರುತ್ತದೆ. ಟೈಪಿಂಗ್ ತಂತ್ರಾಂಶ ಐಬಸ್ ಜತೆ ಎಂ17ಎನ್ ಹಾಕಿಕೊಂಡು ಅದರೊಳಗಿನ ಕೆಜಿಪಿ ಆರಿಸಿದರೆ ವ್ಯಂಜನದ ನಂತರದ ಸ್ವರ ತಾನಾಗಿ ಗುಣಿತವಾಗುತ್ತದೆ. ಎಲ್, ಎಫ್, ಎಲ್ ಒತ್ತಿದರೆ ‘ಲ್ಲ’ ಸಿದ್ಧ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲಾಗದು ಎಂದು ಕೈಚೆಲ್ಲಿದವರಲ್ಲಿ ಹಲವರು ಬರೀ ನಕಾಶೆಯಾದ ‘ಕಗಪ’ ಆರಿಸಿಕೊಂಡೇ ಸೋತವರೆಂಬುದು ನನ್ನ ಗುಮಾನಿ.

ಊರೂರಿನ ಪ್ರೌಢಶಾಲೆಗಳ ಮೇಷ್ಟ್ರುಗಳಿಗೆ ಉಬುಂಟು ಪರಿಚಯವಾಗಿದ್ದು 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯಿಂದ. ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ ನಡೆಸಿದ ಈ ತರಬೇತಿಯಲ್ಲಿ ಸರ್ಕಾರಿ ಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಜಿಯೋಜೀಬ್ರಾದಂಥ ತಂತ್ರಾಂಶ ಕಲಿತರು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಿಗೆ ಪಾಠ ಬರೆದರು. ಬರೆಯಬೇಕಾದ್ದು ಯುನಿಕೋಡ್‌ನಲ್ಲೇ ಆದ್ದರಿಂದ ಕೈಯೂ ಕುದುರಿತು.

ಇವತ್ತಿನ ನಿಜವಾದ ತಲೆನೋವು ಬರಹ, ನುಡಿ ಫಾಂಟುಗಳ ಹಳೆಯ ಕಡತಗಳು. ಅವನ್ನು ಯುನಿಕೋಡ್‌ಗೆ ತರುವ ಮುಕ್ತ ಪರಿವರ್ತಕವನ್ನೂ ಅರವಿಂದ ಬರೆದಿದ್ದಾರೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯುವ ಕೆಲಸ ಇದಲ್ಲ. ‘ಕರ್ನಾಟಕ’ದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ‘ನಾ’ ಆದಮೇಲೆ ಬರುತ್ತದೆ; ಯುನಿಕೋಡ್‌ನಲ್ಲಿ ಉಚ್ಚಾರದಂತೆ ‘ರ್’ ಮೊದಲು. ಪ್ರತಿ ಸಲವೂ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ನಡುವೆ ಇಂಗ್ಲಿಷ್ ಪದ ಬಂದರೆ ಇನ್ನೂ ಪೇಚು: ಆ ಕಡತದಲ್ಲಿ ಇಂಗ್ಲಿಷಿನ ‘ಪಿ’ಗೂ ಕನ್ನಡದ ‘ಕ’ದ ಒಡಲಿಗೂ ಇರುವುದು ಒಂದೇ ಸಂಕೇತ. ಯಾವ ಸಾಲಿಗೆ ಯಾವ ಫಾಂಟ್ ಎಂಬ ಮಾಹಿತಿ ಡಾಕ್ಯುಮೆಂಟ್‌ನಲ್ಲಿ ಉಳಿದಿದ್ದರೆ ಬೇರ್ಪಡಿಸಬಹುದು. ಬರೀ ಪಠ್ಯವಾಗಿ ಉಳಿಸಿದ್ದರೆ ಕೂತು ಕಣ್ಣಲ್ಲೇ ತಿದ್ದಬೇಕು.