59–20: ಒಂದು ಸೋಲನ್ನು ಹೇಗೆ ಓದಬೇಕು?

ಹಾಸನದಲ್ಲಿ ನಡೆದ ಜಿಲ್ಲಾ ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ಕಾಲೇಜು ತಂಡ 59–20ರಲ್ಲಿ ಸೋತಿತು. ನಮ್ಮ ಬಸ್ಸು ಅರಸೀಕೆರೆ ತಲುಪುವ ಮೊದಲೇ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ‘ಮುಂದಿನ ವರ್ಷ ತಂಡ ಕಳಿಸುವುದೇ ಬೇಡ’ ಎಂಬ ಮಾತೂ ಕೇಳಿಬಂತು. ನಾನು ಆಟಗಾರನಲ್ಲ, ತಂಡದ ಸ್ಕೋರ್ ಬರೆಯುವವನು. ಹಾಗಾಗಿ ನನ್ನ ಪುಸ್ತಕದಲ್ಲಿ ಇರುವುದನ್ನು ಹೇಳುತ್ತೇನೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಇರುತ್ತವೆ. ಎರಡು ಮುಗಿದಾಗ ಸ್ಕೋರ್ 24–15. ಅಂತರ ಒಂಬತ್ತೇ ಅಂಕ. ಮೂರನೆಯದು ಶುರುವಾದ ಕೂಡಲೇ ನಮ್ಮ ಸೆಂಟರ್ ಆಟಗಾರ ಐದನೇ ಫೌಲ್ ಮಾಡಿ, ನಿಯಮದಂತೆ ಹೊರಬಂದ. ಅವನ ಜಾಗದಲ್ಲಿ ಆಡಿ ಅಭ್ಯಾಸವಿದ್ದವರು ಬೇರೆ ಯಾರೂ ಇರಲಿಲ್ಲ. ರೀಬೌಂಡ್‌ಗಳೆಲ್ಲ ಅವರ ಕೈಗೆ ಹೋದವು. ಅಂತರ ತುಂಬಿಸುವ ಅವಸರದಲ್ಲಿ ನಮ್ಮವರು ದೂರದಿಂದಲೇ ಎಸೆದರು. ಎಸೆತ ತಪ್ಪಿದಾಗಲೆಲ್ಲ ಅವರು ಚೆಂಡು ಹಿಡಿದು ಓಡಿ ಸುಲಭವಾಗಿ ಅಂಕ ಗಳಿಸಿದರು. ಉಳಿದ ಅರ್ಧ 35–5.

ಇದಕ್ಕೂ ಮೊದಲು ನಾಲ್ಕು ಅಭ್ಯಾಸ ಪಂದ್ಯ ಆಡಿದ್ದೆವು. 6 ಮತ್ತು 3 ಅಂಕಗಳಿಂದ ಗೆದ್ದಿದ್ದೆವು, 4 ಮತ್ತು 2 ಅಂಕಗಳಿಂದ ಸೋತಿದ್ದೆವು. ಐದನ್ನೂ ಸೇರಿಸಿ ಸರಾಸರಿ ತೆಗೆದರೆ ಪಂದ್ಯಕ್ಕೆ 7.2 ಅಂಕಗಳ ಸೋಲು. ಮಧ್ಯಾಂಕ ತೆಗೆದರೆ ಬರೀ 2 ಅಂಕಗಳ ಸೋಲು. ಒಂದೇ ಒಂದು ದೊಡ್ಡ ಅಂಕಿ ಸರಾಸರಿಯನ್ನು ಎಳೆದುಬಿಡುತ್ತದೆ ಎಂದು ಸಂಖ್ಯಾಶಾಸ್ತ್ರದಲ್ಲಿ ಓದಿದ್ದು ಇದನ್ನೇ.

ದೊಡ್ಡ ತಂಡಗಳಿಗೂ ಹೀಗಾಗಿದೆ. 2015ರ ರಣಜಿ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕ ಮುಂಬೈಯನ್ನು ಬೆಂಗಳೂರಿನಲ್ಲಿ 44 ರನ್ನಿಗೆ ಆಲೌಟ್ ಮಾಡಿತು. ವಿನಯ್ ಕುಮಾರ್ 6 ವಿಕೆಟ್ ಪಡೆದರು. ಅದೇ ಮುಂಬೈ ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 332 ರನ್ ಹೊಡೆಯಿತು. ಪಂದ್ಯವನ್ನೂ ಆ ವರ್ಷದ ಟ್ರೋಫಿಯನ್ನೂ ನಾವೇ ಗೆದ್ದೆವು. ಆದರೆ ಮರುವರ್ಷ ಟ್ರೋಫಿ ಗೆದ್ದಿದ್ದು ಮುಂಬೈ!

ನಮ್ಮ ಅಬ್ಬಾ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುತ್ತಾರೆ. ಚೀಲದ ಬಾಯಲ್ಲಿರುವ ಒಂದು ಕೊಬ್ಬರಿ ನೋಡಿ ಅವರು ಇಡೀ ಚೀಲಕ್ಕೆ ಬೆಲೆ ಕಟ್ಟುವುದಿಲ್ಲ. ಒಳಗೆ ಕೈಹಾಕಿ ನಾಲ್ಕಾರು ತೆಗೆದು ನೋಡುತ್ತಾರೆ. ಹಾಗಂತ ಕೆಟ್ಟದ್ದು ಸಿಕ್ಕಿದರೆ ಕಂಡೂ ಕಾಣದಂತೆ ಇರುವುದೂ ಇಲ್ಲ.

ನಾವೂ ಈ ಸೋಲನ್ನು ಮುಚ್ಚಿಡುವುದು ಬೇಡ. ನಮ್ಮ ತಂಡ ಕೆಟ್ಟದ್ದು ಎಂದು ಅದು ಹೇಳುತ್ತಿಲ್ಲ. ಸೆಂಟರ್ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಿ ಎನ್ನುತ್ತಿದೆ. ಮುಂದಿನ ವರ್ಷವೂ ತಂಡ ಕಳಿಸಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ನಮ್ಮ ಸೆಂಟರ್ ಆಟಗಾರ ಅಂದಿನಿಂದ ಅಭ್ಯಾಸಕ್ಕೆ ಬಂದಿಲ್ಲ. ಅವನು ಸಿಕ್ಕಿದರೆ ದಯವಿಟ್ಟು ಈ ಪುಟ ತೋರಿಸಿ. 24–15, ಅದು ಅವನು ಆಡುತ್ತಿದ್ದಾಗಿನ ಲೆಕ್ಕ.