ಹಳೆಯ ಕಾರಿಗೆ ಎರವಲು ಮಾಪಕ

ಅಳತೆಯ ಸಾಧನವೊಂದು ಕೈಗೆ ದೊರೆತರೆ ಸಾಲದು. ಅದು ಯಾವ ಲೆಕ್ಕಕ್ಕೆ ಹುಟ್ಟಿದ್ದೆಂಬುದೂ ತಿಳಿದಿರಬೇಕು. ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುಂಚೆ ನಮ್ಮಲ್ಲಿ ಸೇರು ಎಂಬ ಹೆಸರು ಒಂದೇ ಆಗಿದ್ದರೂ ಅದರ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಒಂದು ಸೀಮೆಯ ಸೇರಿನಿಂದ ಮತ್ತೊಂದು ಸೀಮೆಯ ಲೆಕ್ಕಕ್ಕೆ ರಾಗಿ ಅಳೆದರೆ, ಅಳೆದವನು ಪ್ರಾಮಾಣಿಕನಾಗಿದ್ದರೂ ಒಬ್ಬರಿಗೆ ನಷ್ಟ ತಪ್ಪದು. 1956ರ ತೂಕ ಮತ್ತು ಅಳತೆಗಳ ಕಾನೂನು ಈ ತೊಡಕನ್ನು ಸಂತೆಯಿಂದ ಹೊರಗಟ್ಟಿತು. ಆದರೆ ಮೋಟಾರು ಕಾರಿನ ಒಂದು ಉಪಕರಣದಲ್ಲಿ ಅದು ಇಂದಿಗೂ ಅಡಗಿ ಕುಳಿತಿದೆ. ಅದೇ ಟ್ಯಾಕೋಮೀಟರ್, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತಿಳಿಸುವ ಮಾಪಕ.

ಕಾರಿನ ವೇಗವನ್ನು ತಿಳಿಸಲು ಸ್ಪೀಡೋಮೀಟರ್ ಇರುವಾಗ ಇದೇಕೆ ಎಂದು ಓದುಗರು ಕೇಳಬಹುದು. ನಂದಿಬೆಟ್ಟದ ಏರಿನಲ್ಲಿ ಎರಡನೆಯ ಗೇರಿನಲ್ಲಿ ಹೋಗುವ ಕಾರಿನ ವೇಗ ಕಡಿಮೆ, ಎಂಜಿನ್ನಿನ ಸುತ್ತು ಹೆಚ್ಚು. ಅದೇ ಕಾರು ಬಯಲು ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ವೇಗವಾಗಿ ಓಡಿದರೂ ಎಂಜಿನ್ ನಿರಾಯಾಸವಾಗಿರಬಹುದು. ಕಾರಿನ ಓಟ ಬೇರೆ, ಎಂಜಿನ್ನಿನ ದುಡಿಮೆ ಬೇರೆ. ಎರಡನೆಯದನ್ನು ತಿಳಿಸುವುದು ಟ್ಯಾಕೋಮೀಟರ್.

ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಬೇತಮಂಗಲದ ನನ್ನ ಸೋದರಮಾವನವರು ಅಂತಹ ಹಳೆಯ ಪೆಟ್ರೋಲ್ ಕಾರೊಂದನ್ನು ಮದುವೆಗಳಿಗೆ ಬಾಡಿಗೆಗೆ ಬಿಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲಿನ ಖರ್ಚಿನಲ್ಲಿ ಈ ಎಂಜಿನ್ನಿನ ಪಾಲೂ ಉಂಟು. ಅದರ 1489 ಸಿ.ಸಿ. ಎಂಜಿನ್ನಿನ ಬಂಧುವೇ ಇಂಗ್ಲೆಂಡಿನಲ್ಲಿ 1955ರಲ್ಲಿ ಬಂದ ಎಂ.ಜಿ.ಎ. ಎಂಬ ಕ್ರೀಡಾ ಕಾರಿನಲ್ಲಿತ್ತು. ಅದಕ್ಕೆ ಟ್ಯಾಕೋಮೀಟರ್ ಇತ್ತು, ಸಂಸಾರಿಯಾದ ಅಂಬಾಸಡರಿಗೆ ಇರಲಿಲ್ಲ. ಹಳಬರು ಸದ್ದು ಕೇಳಿಯೇ ಗೇರು ಬದಲಿಸುತ್ತಾರೆ. ಹೊಸ ಚಾಲಕನಿಗೆ ಆ ಕಿವಿ ಇಲ್ಲ. ಆದಕಾರಣ ಗುಜರಿ ಅಂಗಡಿಯಿಂದ ಬೇರೊಂದು ಕಾರಿನ ಮಾಪಕವನ್ನು ತಂದು ಜೋಡಿಸುವ ಯೋಚನೆ ಸಹಜ.

ಈಗ ಅದು ಎಣಿಸುವ ಬಗೆಯನ್ನು ನೋಡೋಣ. ಹಳೆಯ ಮಾಪಕಗಳಲ್ಲಿ ಕೆಲವು ಸ್ಪೀಡೋಮೀಟರಿನಂತೆ ತಿರುಗುವ ಕೇಬಲ್ಲಿನಿಂದ ನಡೆಯುತ್ತವೆ. ಎಂಜಿನ್ನಿನಲ್ಲಿ ಆ ಕೇಬಲ್ಲಿಗೆ ತಕ್ಕ ಹಲ್ಲುಚಕ್ರವಿಲ್ಲದಿದ್ದರೆ ಅವು ನಿರುಪಯೋಗಿ. ವಿದ್ಯುತ್ ಮಾಪಕಗಳಾದರೋ ಸುತ್ತುಗಳನ್ನು ಎಣಿಸುವುದೇ ಇಲ್ಲ. ಅವು ಎಣಿಸುವುದು ಕಿಡಿಗಳನ್ನು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ನಾಲ್ಕು ಸಿಲಿಂಡರಿದ್ದರೆ ಸುತ್ತಿಗೆ ಎರಡು ಕಿಡಿ, ಆರಿದ್ದರೆ ಮೂರು, ಮೂರಿದ್ದರೆ ಒಂದೂವರೆ. ಮಾಪಕವು ನಿಮಿಷದ ಕಿಡಿಗಳನ್ನು ಈ ಸಂಖ್ಯೆಯಿಂದ ಭಾಗಿಸಿ ಮುಳ್ಳನ್ನು ತಿರುಗಿಸುತ್ತದೆ.

ಅಂಬಾಸಡರ್ 3000 ಸುತ್ತು ತಿರುಗುವಾಗ ಕಿಡಿಗಳು 6000. ಆರು ಸಿಲಿಂಡರಿನ ಕಾರಿನ ಮಾಪಕ ಇದನ್ನು 2000 ಎಂದು ತೋರಿಸುತ್ತದೆ. ಮೂರು ಸಿಲಿಂಡರಿನದು 4000 ಎನ್ನುತ್ತದೆ. ಎರಡೂ ಕೆಟ್ಟಿಲ್ಲ, ಆದರೆ ಎರಡರ ಮಾತೂ ಸುಳ್ಳು. ಇವುಗಳಲ್ಲಿ ಮೊದಲನೆಯದು ಹೆಚ್ಚು ಅಪಾಯಕರ: ಎಂಜಿನ್ 4500ರಲ್ಲಿ ಏದುಸಿರು ಬಿಡುತ್ತಿರುವಾಗ ಮುಳ್ಳು 3000ದಲ್ಲಿ ನಿಂತು ಚಾಲಕನಿಗೆ ಧೈರ್ಯ ಹೇಳುತ್ತಿರುತ್ತದೆ. ಆದ್ದರಿಂದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನ ಮಾಪಕವನ್ನೇ ಹುಡುಕುವುದು ಉತ್ತಮ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲವಾದ್ದರಿಂದ ಅಲ್ಲಿ ಈ ಬಗೆಯ ಮಾಪಕ ನಡೆಯದು.

ಜೋಡಣೆಯಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಹಳೆಯ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಸೇರಿಸಿರುತ್ತಿದ್ದರು. ಈಗಿನ ಕಾರುಗಳಲ್ಲಿ ಋಣ ತುದಿಯನ್ನು ಸೇರಿಸುತ್ತಾರೆ. ಇದನ್ನು ನೋಡದೆ ಜೋಡಿಸಿದರೆ ಮಾಪಕ ಸುಟ್ಟೀತು. ಎರಡನೆಯದಾಗಿ, ಸಾಮಾನ್ಯ ಮಾಪಕದಲ್ಲಿ ಸ್ವಿಚ್ಚಿನಿಂದ ಬರುವ 12 ವೋಲ್ಟಿನ ತಂತಿ, ಅರ್ತ್ ತಂತಿ, ದೀಪದ ತಂತಿ, ಸಂಕೇತದ ತಂತಿ ಎಂದು ನಾಲ್ಕಿರುತ್ತವೆ. ಸಂಕೇತದ ತಂತಿ ಸೇರಬೇಕಾದದ್ದು ಇಗ್ನಿಷನ್ ಕಾಯಿಲಿನಲ್ಲಿ ಪಾಯಿಂಟಿನ ಕಡೆಗಿರುವ ತುದಿಗೆ; ದಪ್ಪ ತಂತಿ ಹೊರಡುವ ನಡುವಿನ ಬಾಯಿಗೆ ಎಂದಿಗೂ ಅಲ್ಲ, ಅಲ್ಲಿ ಸಾವಿರಾರು ವೋಲ್ಟುಗಳಿವೆ. ಮೂರನೆಯದಾಗಿ, ಪಾಯಿಂಟ್ ತೆರೆದ ಕ್ಷಣದಲ್ಲಿ ಈ ತುದಿಯಲ್ಲಿಯೂ ಇನ್ನೂರು ಮುನ್ನೂರು ವೋಲ್ಟುಗಳು ಚಿಮ್ಮುತ್ತವೆ. ಕಂಪ್ಯೂಟರಿನ ಮೆದು ಸಂಕೇತಕ್ಕೆ ಒಗ್ಗಿದ ಇತ್ತೀಚಿನ ಮಾಪಕ ಇದನ್ನು ತಾಳಲಾರದು.

ಜೋಡಿಸಿದ ಮೇಲೆ ಪರೀಕ್ಷಿಸಬೇಡವೆ? 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಚಿನ್ನದ ಗಣಿಗಳಿಗೆ ತರಿಸಿಕೊಂಡ ಸೀಮೆ ನಮ್ಮದು. ಪರೀಕ್ಷೆಗೂ ವಿದ್ಯುತ್ತೇ ಸಾಕು. ಇಂದಿನ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರಲ್ಲಿ ಉರಿಯುವ, ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕತ್ತಲಾದ ಮೇಲೆ, ಎಂಜಿನ್ನಿನ ಮುಂದಿನ ಕ್ರ್ಯಾಂಕ್ ಪುಲ್ಲಿಗೆ ಸುಣ್ಣದ ಒಂದು ಗುರುತು ಹಾಕಿ ಆ ಬೆಳಕಿನಲ್ಲಿ ನೋಡಬೇಕು. ನಿಧಾನವಾಗಿ ವೇಗ ಏರಿಸಿದರೆ 1000 ಸುತ್ತಿನಲ್ಲಿ ಆ ಗುರುತು ಆರಾಗಿ, 1500ರಲ್ಲಿ ನಾಲ್ಕಾಗಿ, 2000ದಲ್ಲಿ ಮೂರಾಗಿ, 3000ದಲ್ಲಿ ಎರಡಾಗಿ ನಿಂತಂತೆ ಕಾಣುತ್ತದೆ. ಆಗ ಮುಳ್ಳು ಎಲ್ಲಿದೆಯೆಂದು ನೋಡಿಕೊಂಡರಾಯಿತು. ಅನೇಕ ಮಾಪಕಗಳ ಒಳಗೆ ತಿರುಪಿ ಸರಿಪಡಿಸುವ ಚಿಕ್ಕ ರೆಸಿಸ್ಟರ್ ಇರುತ್ತದೆ. ಅದರಿಂದ ಅಲ್ಪಸ್ವಲ್ಪ ವ್ಯತ್ಯಾಸವನ್ನು ತಿದ್ದಬಹುದು. ಪರೀಕ್ಷಿಸುವವರ ಪಂಚೆ, ಟವೆಲುಗಳು ಫ್ಯಾನ್ ಬೆಲ್ಟಿನಿಂದ ದೂರವಿರಲಿ.

ಇದೆಲ್ಲವೂ ಒಂದು ಮುಳ್ಳಿಗಾಗಿಯೇ ಎಂದು ನಗುವವರು ಕೆ.ಜಿ.ಎಫ್.ನ ಹಿರಿಯರನ್ನು ನೆನೆಯಬೇಕು. 2001ರಲ್ಲಿ ಗಣಿ ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುತ್ತಿದ್ದ ಯಂತ್ರದ ಚಾಲಕನಿಗೆ ತೊಟ್ಟಿಲು ಕಣ್ಣಿಗೆ ಕಾಣುತ್ತಿರಲಿಲ್ಲ. ಗಂಟೆಯ ಸದ್ದು, ಎದುರಿನ ಸೂಚಕ, ಇಷ್ಟೇ ಅವನ ಆಧಾರ. ಕಾಣದ್ದನ್ನು ಕಾಣಿಸುವ ಮುಳ್ಳು ಸತ್ಯವನ್ನೇ ಹೇಳಬೇಕು. ಮಾಪಕವಿಲ್ಲದ ಕಾರಿನಲ್ಲಿ ಚಾಲಕ ಕಿವಿಗೊಟ್ಟು ಜಾಗರೂಕನಾಗಿರುತ್ತಾನೆ. ಸುಳ್ಳು ಮಾಪಕವಾದರೋ ಅವನ ಕಿವಿಯನ್ನೂ ಮುಚ್ಚಿಸಿಬಿಡುತ್ತದೆ. ಎರವಲು ತರುವುದರಲ್ಲಿ ಅವಮಾನವಿಲ್ಲ. ತಂದದ್ದನ್ನು ನಮ್ಮ ಲೆಕ್ಕಕ್ಕೆ ಒರೆ ಹಚ್ಚಿ ನೋಡದಿರುವುದು ಮಾತ್ರ ತರವಲ್ಲ.