ಸಾಮಾಜೀಕರಣ: ಕುಟುಂಬ, ಸಂಸ್ಕೃತಿ, ಧರ್ಮ

ಕರುವು ಹುಟ್ಟಿದ ಕೆಲವೇ ಗಳಿಗೆಗಳಲ್ಲಿ ಎದ್ದು ನಿಂತು ತಾಯ ಕೆಚ್ಚಲನ್ನು ಅರಸುತ್ತದೆ. ಮನುಷ್ಯನ ಕೂಸಾದರೋ ನಡೆಯುವುದನ್ನು, ನುಡಿಯುವುದನ್ನು, ಉಣ್ಣುವ ಕ್ರಮವನ್ನು, ಹಿರಿಯರೆದುರು ವರ್ತಿಸುವ ರೀತಿಯನ್ನು ಇತರರಿಂದಲೇ ಕಲಿಯಬೇಕು. ಭಾಷೆಯನ್ನಾಗಲಿ ಆಚಾರವನ್ನಾಗಲಿ ಅದು ಹುಟ್ಟುವಾಗ ಹೊತ್ತು ತರುವುದಿಲ್ಲ. ಹೀಗೆ ಶಿಶುವು ತನ್ನ ಸಮಾಜಕ್ಕೆ ಸೇರಿದ ವ್ಯಕ್ತಿಯಾಗಿ ರೂಪುಗೊಳ್ಳುವ ಕ್ರಿಯೆಗೆ ಸಮಾಜಶಾಸ್ತ್ರಜ್ಞರು ‘ಸಾಮಾಜೀಕರಣ’ವೆಂದು ಹೆಸರಿಟ್ಟಿದ್ದಾರೆ. ಶಾಲೆಯನ್ನು ನಡೆಸುವವರಿಗೂ ಪೋಷಿಸುವವರಿಗೂ ಈ ಕ್ರಿಯೆಯ ತಿಳಿವಳಿಕೆ ಅವಶ್ಯವಾದುದು; ಏಕೆಂದರೆ ಶಾಲೆಗೆ ಬರುವ ಮಗು ಬರಿಯ ಹಲಗೆಯಲ್ಲ, ಆಗಲೇ ಬಹಳಷ್ಟು ಬರೆಯಲ್ಪಟ್ಟ ಹಲಗೆ.

ಈ ಕಲಿಕೆಯ ಮೊದಲ ನೆಲೆ ಕುಟುಂಬ. ಅಮೆರಿಕದ ಚಾರ್ಲ್ಸ್ ಕೂಲಿ 1909ರಲ್ಲಿ ಕುಟುಂಬ, ಆಟದ ಒಡನಾಡಿಗಳು, ನೆರೆಹೊರೆ ಇವುಗಳನ್ನು ‘ಪ್ರಾಥಮಿಕ ಸಮೂಹ’ಗಳೆಂದು ಕರೆದು, ಮನುಷ್ಯಸ್ವಭಾವವು ರೂಪುಗೊಳ್ಳುವುದು ಇಲ್ಲಿಯೇ ಎಂದು ಪ್ರತಿಪಾದಿಸಿದನು. ಕನ್ನಡದ ಮನೆಗಳಲ್ಲಿ ಇದು ಮಾತಿನೊಡನೆಯೇ ಮೊದಲಾಗುತ್ತದೆ. ತಂದೆಯ ಸೋದರರು ದೊಡ್ಡಪ್ಪ, ಚಿಕ್ಕಪ್ಪ; ತಾಯಿಯ ಸೋದರಿಯರು ದೊಡ್ಡಮ್ಮ, ಚಿಕ್ಕಮ್ಮ; ಇವರ ಮಕ್ಕಳೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಆದರೆ ತಾಯಿಯ ಸೋದರನು ಮಾವ, ತಂದೆಯ ಸೋದರಿ ಅತ್ತೆ; ಕೈಹಿಡಿದವರ ತಂದೆತಾಯಿಗಳಿಗೂ ಇವೇ ಹೆಸರುಗಳು. ಯಾರು ಒಡಹುಟ್ಟಿದವರಿಗೆ ಸಮಾನರು, ಯಾರೊಡನೆ ಕೊಟ್ಟುತರುವ ಸಂಬಂಧ ಸಲ್ಲುತ್ತದೆ ಎಂಬ ನಿಯಮವು ಈ ನಾಲ್ಕಾರು ಪದಗಳಲ್ಲಿಯೇ ಅಡಗಿದೆ. ಕೃಷ್ಣರಾಜಪೇಟೆಯ ಹಳ್ಳಿಯ ಮಗು ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಮುನ್ನವೇ, ಯಾರೂ ಪಾಠ ಹೇಳದೆ, ಇದನ್ನು ಅರಿಯತೊಡಗಿರುತ್ತದೆ.

ಹೀಗೆ ಕಲಿತು ಬಂದುದೆಲ್ಲದರ ಮೊತ್ತವೇ ಸಂಸ್ಕೃತಿ. ಕಾವ್ಯ, ಸಂಗೀತ, ಶಿಲ್ಪಗಳಷ್ಟೇ ಸಂಸ್ಕೃತಿಯೆಂಬುದು ಲೋಕರೂಢಿ. ಇಂಗ್ಲೆಂಡಿನ ಎಡ್ವರ್ಡ್ ಟೈಲರ್ 1871ರಲ್ಲಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿ, ಮನುಷ್ಯನು ಸಮಾಜದ ಅಂಗವಾಗಿ ಗಳಿಸಿದ ಜ್ಞಾನ, ನಂಬಿಕೆ, ಕಲೆ, ನೀತಿ, ಕಟ್ಟಳೆ, ಅಭ್ಯಾಸಗಳೆಲ್ಲವನ್ನೂ ಅದರೊಳಗೆ ಸೇರಿಸಿದನು. ಈ ದೃಷ್ಟಿಯಿಂದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಶಿಲ್ಪದಂತೆ ನಾಗಮಂಗಲದ ಮನೆಯಲ್ಲಿ ರಾಗಿಮುದ್ದೆ ಕಟ್ಟುವ ಹದವೂ ಸಂಸ್ಕೃತಿಯೇ ಸರಿ.

ಸಂಸ್ಕೃತಿಯು ನಿಂತ ನೀರಲ್ಲ. 1911ರಲ್ಲಿ ಕನ್ನಂಬಾಡಿಯ ಬಳಿ ಕಟ್ಟತೊಡಗಿದ ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದ ಮೇಲೆ ಮಂಡ್ಯದ ಸೀಮೆಯಲ್ಲಿ ಭತ್ತ, ಕಬ್ಬುಗಳ ಬೇಸಾಯ ಹಬ್ಬಿತು; ಆಲೆಮನೆಗಳು ಹೆಚ್ಚಿದವು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಈ ಸೀಮೆಯ ಎರಡು ಹಳ್ಳಿಗಳನ್ನು ಅಭ್ಯಸಿಸಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಒಂದಕ್ಕೆ ನಾಲೆಯ ನೀರು ದೊರಕಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಕಂಡ ಹಳ್ಳಿಯಲ್ಲಿ ಸಂಪತ್ತು ಬೆಳೆದರೂ ಹಳೆಯ ಸಾಮಾಜಿಕ ಕಟ್ಟು ಬಹುಮಟ್ಟಿಗೆ ಉಳಿಯಿತು. ನೀರಿಲ್ಲದ ಹಳ್ಳಿಯವರು ಪಟ್ಟಣದ ಉದ್ಯೋಗ, ವ್ಯಾಪಾರಗಳತ್ತ ತಿರುಗಿದುದರಿಂದ ಅಲ್ಲಿಯೇ ಹೆಚ್ಚು ಮಾರ್ಪಾಡಾಯಿತು. ಹಣ ಬಂದ ಮಾತ್ರಕ್ಕೆ ಮನೋಧರ್ಮ ಬದಲಾಗದು ಎಂಬುದಕ್ಕೆ ಇದು ನಿದರ್ಶನ.

ಮನೋಧರ್ಮಕ್ಕೆ ಆಳವಾದ ಬೇರನ್ನು ಕೊಡುವುದು ಧರ್ಮ. ಫ್ರಾನ್ಸಿನ ಎಮಿಲ್ ಡರ್ಕಹೈಮ್ 1912ರಲ್ಲಿ ನಿರೂಪಿಸಿದಂತೆ, ಪವಿತ್ರವಾದುದನ್ನು ಲೌಕಿಕದಿಂದ ಬೇರ್ಪಡಿಸಿ, ಅದರಲ್ಲಿ ನಂಬಿಕೆಯುಳ್ಳವರನ್ನು ಒಂದು ಸಮುದಾಯವಾಗಿ ಬೆಸೆಯುವುದೇ ಧರ್ಮದ ಸಾಮಾಜಿಕ ಕಾರ್ಯ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ ಉತ್ಸವದಂದು ತಂದೆಯ ಹೆಗಲೇರಿ ಚೆಲುವನಾರಾಯಣನನ್ನು ಕಾಣುವ ಮಗುವಿಗೆ ತತ್ತ್ವ ತಿಳಿಯದಿದ್ದರೂ ತಾನು ಈ ಜನಸ್ತೋಮದವನೆಂಬ ಭಾವ ಮೂಡುತ್ತದೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗುಡಿ ಮತ್ತು ಟಿಪ್ಪುವಿನ ಕಾಲದ ಜುಮ್ಮಾ ಮಸೀದಿಗಳು, ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ಭೈರವಕ್ಷೇತ್ರ ಮತ್ತು ಕಂಬದಹಳ್ಳಿಯ ಜೈನ ಬಸದಿಗಳು ಇರುವುದನ್ನು ಕಾಣುತ್ತ ಬೆಳೆಯುವ ಮಗುವಿಗೆ ಅನ್ಯರ ಪವಿತ್ರವೂ ಗೌರವಾರ್ಹವೆಂಬ ಪಾಠವೂ ದೊರೆಯಬಲ್ಲದು.

ಆದರೆ ಸಾಮಾಜೀಕರಣವು ಒಳಿತನ್ನಷ್ಟೇ ಕಲಿಸುವುದಿಲ್ಲ. ‘ಪುತ್’ ಎಂಬ ನರಕದಿಂದ ಪಾರುಮಾಡುವವನೇ ಪುತ್ರನೆಂಬ ಪ್ರಾಚೀನ ನಿರುಕ್ತಿಯಿದೆ. ವಂಶಕ್ಕೂ ಚಿತೆಗೂ ಹೊಲಕ್ಕೂ ಗಂಡೇ ಬೇಕೆಂಬ ಮಾತನ್ನು ಮಕ್ಕಳು ತೊಟ್ಟಿಲಿನಿಂದಲೇ ಕೇಳುತ್ತಾರೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಸುಮಾರು 940. ಇದು 948ರ ರಾಜ್ಯ ಸರಾಸರಿಗಿಂತ ಕಡಿಮೆ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗಪತ್ತೆ ನಡೆಯುತ್ತಿದ್ದುದು ಬಯಲಾಯಿತು. 2024ರಲ್ಲಿ ಪಾಂಡವಪುರದಲ್ಲಿಯೂ ಹೆಣ್ಣುಭ್ರೂಣಹತ್ಯೆಯ ಪ್ರಕರಣ ಬೆಳಕಿಗೆ ಬಂದಿತು. ಬೆಲ್ಲ ಬೇಯಿಸುವ ತಾಣದಲ್ಲಿ ಇಂಥ ಕೃತ್ಯ ನಡೆಯಬೇಕಾದರೆ, ಅದಕ್ಕೆ ಕಾರಣವಾದ ನಂಬಿಕೆ ಎಷ್ಟು ಮನೆಗಳಲ್ಲಿ ಬೇರೂರಿರಬೇಕು!

ಭ್ರೂಣಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಾನಹಕ್ಕನ್ನು ಕರ್ನಾಟಕವು ಅದೇ ವರ್ಷ ನೀಡಿತು. ಕೇಂದ್ರದ ತಿದ್ದುಪಡಿ ಬಂದುದು 2005ರಲ್ಲಿ. ಕಾನೂನು ಭಯವನ್ನು ಹುಟ್ಟಿಸಬಲ್ಲದು. ಮನಸ್ಸನ್ನು ತಿದ್ದುವುದು ಮನೆ ಮತ್ತು ಶಾಲೆಗಳ ಕೆಲಸ. ಹುಟ್ಟಿನಿಂದ ಬಂದುದನ್ನು ಬದಲಿಸುವುದು ಕಷ್ಟ. ಕಲಿತುದನ್ನು ಬೇರೆ ರೀತಿಯಲ್ಲಿ ಕಲಿಸಬಹುದು. ಸಮಾಜಶಾಸ್ತ್ರವು ನೀಡುವ ದೊಡ್ಡ ಭರವಸೆ ಇದೇ. ಧರ್ಮದಲ್ಲಿಯೂ ಅದಕ್ಕೆ ಆಧಾರವುಂಟು: ಹೆಣ್ಣುಗಂಡೆಂಬ ಭೇದವಿಲ್ಲದೆ ಇಷ್ಟಲಿಂಗವನ್ನು ಕರುಣಿಸಿದ ಶರಣರ ಪರಂಪರೆ ಕಣ್ಣೆದುರಿಗಿದೆ.

ಆದಕಾರಣ ಉಪಾಧ್ಯಾಯರು ತರಗತಿಯಲ್ಲಿ ಬಾಲಕಿಯ ಪ್ರಶ್ನೆಗೂ ಬಾಲಕನ ಪ್ರಶ್ನೆಗೂ ಒಂದೇ ಕಿವಿಗೊಡುವುದು, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಮಗಳು ಹುಟ್ಟಿದ ದಿನವೂ ಸಕ್ಕರೆ ಹಂಚುವುದು, ದಾನಿಗಳು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ನೆರವಾಗುವುದು ಇವೆಲ್ಲ ಸಣ್ಣ ಕೆಲಸಗಳಂತೆ ತೋರಿದರೂ ಸಾಮಾಜೀಕರಣವು ನಡೆಯುವುದೇ ಇಂಥ ಸಣ್ಣ ಕೆಲಸಗಳ ಮೂಲಕ. ತೊಟ್ಟಿಲ ಬಳಿಯ ಮಾತು ತಿದ್ದಿದರೆ ಮುಂದಿನ ತಲೆಮಾರು ತಾನಾಗಿಯೇ ತಿದ್ದುತ್ತದೆ.